ಫೋಮ್ ತುಂಬಿದ ತೆಳುಗೋಡೆಯ ಲೋಹದ ಕೊಳವೆಗಳು ಡಿಕ್ಕಿಯ ಶಕ್ತಿ ಹೀರುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದಲ್ಲಿ ಪ್ರಾಜೆಕ್ಟ್ ಹಿಡಿದ ವಿದ್ಯಾರ್ಥಿಗಳಿಗೂ ವಾಹನ ವಿನ್ಯಾಸಕ್ಕೆ ಹೊಸದಾಗಿ ಕಾಲಿಟ್ಟ ಎಂಜಿನಿಯರುಗಳಿಗೂ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಫೋಮ್ ತುಂಬಿದ ಕೊಳವೆ ಖಾಲಿ ಕೊಳವೆಗಿಂತ ಹೆಚ್ಚು ಶಕ್ತಿ ಹೀರುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಸರಿಯೇ. ಆದರೆ ಫೋಮ್‌ಗೆ ತನ್ನದೇ ತೂಕವಿದೆ. ಅಷ್ಟೇ ತೂಕದ ಲೋಹವನ್ನು ಗೋಡೆಗೇ ಸೇರಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳದೆ ಮಾಡಿದ ಹೋಲಿಕೆಗೆ ಬೆಲೆಯಿಲ್ಲ. ಕೆಳಗಿನ ಉತ್ತರಗಳಲ್ಲಿ ಆ ಪ್ರಶ್ನೆಗೆ ಮತ್ತೆ ಮತ್ತೆ ಬರುತ್ತೇನೆ.

ಇಂಥ ಕೊಳವೆಗಳು ವಾಹನದಲ್ಲಿ ಎಲ್ಲಿರುತ್ತವೆ?

ಕಾರಿನ ಬಂಪರ್ ಬೀಮ್‌ನ ಬೆನ್ನಿಗೆ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಪೆಟ್ಟಿಗೆಗಳಿರುತ್ತವೆ. ಇವುಗಳೇ ಕ್ರ್ಯಾಶ್ ಬಾಕ್ಸ್‌ಗಳು. ಅವುಗಳ ಹಿಂದೆ ಎಂಜಿನ್‌ನ ಎರಡೂ ಬದಿಯಲ್ಲಿ ಉದ್ದಕ್ಕೆ ಸಾಗುವ ಸೈಡ್ ಮೆಂಬರ್‌ಗಳಿರುತ್ತವೆ. ನಿಧಾನದ ಡಿಕ್ಕಿಯಲ್ಲಿ ಕ್ರ್ಯಾಶ್ ಬಾಕ್ಸ್ ಮಾತ್ರ ಜಜ್ಜಿಹೋಗಿ ಹಿಂದಿನದೆಲ್ಲ ಉಳಿಯಬೇಕು. ವೇಗದ ಡಿಕ್ಕಿಯಲ್ಲಿ ಸೈಡ್ ಮೆಂಬರ್‌ಗಳೂ ಮಡಚಿಕೊಳ್ಳಬೇಕು, ಪ್ರಯಾಣಿಕರು ಕೂತ ಭಾಗ ಮಾತ್ರ ಆಕಾರ ಕೆಡಬಾರದು. ಮುಂಭಾಗವನ್ನೂ ಹಿಂಭಾಗವನ್ನೂ ಬೇಕೆಂದೇ ಮೆತ್ತಗಿಟ್ಟು ನಡುವಿನ ಪಂಜರವನ್ನು ಗಟ್ಟಿ ಮಾಡುವ ಈ ವಿಚಾರ ಮರ್ಸಿಡಿಸ್-ಬೆಂಜ್‌ನ ಎಂಜಿನಿಯರ್ ಬೇಲಾ ಬರೇನಿಯದು. 1959ರಲ್ಲಿ ಹೊರಬಂದ ಡಬ್ಲ್ಯೂ111 ಸರಣಿಯ ಕಾರುಗಳಲ್ಲಿ ಅದು ಮಾರುಕಟ್ಟೆಗೆ ಬಂತು. ರೈಲು ಬೋಗಿಗಳ ತುದಿಯಲ್ಲಿ, ಹೆಲಿಕಾಪ್ಟರಿನ ನೆಲದ ಕೆಳಗಿನ ಚೌಕಟ್ಟಿನಲ್ಲಿ ಇದೇ ತತ್ವ ಕೆಲಸ ಮಾಡುತ್ತದೆ.

ಜಜ್ಜಿಹೋಗುವ ಭಾಗವೇ ಏಕೆ ಬೇಕು? ಮುಂಭಾಗವನ್ನೂ ಗಟ್ಟಿ ಮಾಡಿದರೆ ಆಗದೇ?

1200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿತು ಎನ್ನಿ. ಅದರ ಚಲನಶಕ್ತಿ ಸುಮಾರು 145 ಕಿಲೋಜೂಲ್. ಕಾರು ನಿಂತಾಗ ಇಷ್ಟೂ ಶಕ್ತಿ ಎಲ್ಲಾದರೂ ಖರ್ಚಾಗಿರಲೇಬೇಕು. ಮುಂಭಾಗ 60 ಸೆಂಟಿಮೀಟರಿನಷ್ಟು ಒಂದೇ ಸಮನಾದ ಬಲದಲ್ಲಿ ಕುಸಿದರೆ ಸರಾಸರಿ ಹಿಮ್ಮುಖ ವೇಗೋತ್ಕರ್ಷ ಗುರುತ್ವದ 20 ಪಟ್ಟು. 10 ಸೆಂಟಿಮೀಟರ್ ಮಾತ್ರ ಕುಸಿದರೆ 120 ಪಟ್ಟಿಗೂ ಹೆಚ್ಚು. ಸೀಟ್ ಬೆಲ್ಟ್ ಕಟ್ಟಿಕೊಂಡ ಮನುಷ್ಯ ಮೊದಲನೆಯದನ್ನು ತಾಳಿಕೊಳ್ಳಬಲ್ಲ, ಎರಡನೆಯದನ್ನು ತಾಳಲಾರ.

ಇದೇ ಲೆಕ್ಕದಿಂದ ಶಕ್ತಿ ಹೀರುವ ಒಳ್ಳೆಯ ಭಾಗದ ಲಕ್ಷಣಗಳೂ ಹೊರಡುತ್ತವೆ. ಬಲ ಮೊದಲಿಂದ ಕೊನೆಯವರೆಗೆ ಸಾಧ್ಯವಾದಷ್ಟು ಒಂದೇ ಮಟ್ಟದಲ್ಲಿರಬೇಕು. ಕುಸಿಯಲು ಜಾಗ ಸಿಗಬೇಕು. ಹೀರಿದ ಶಕ್ತಿ ಸ್ಪ್ರಿಂಗಿನಂತೆ ಮರಳಬಾರದು. ಲೋಹ ಶಾಶ್ವತವಾಗಿ ಬಾಗಿದಾಗ ಶಕ್ತಿಯ ಬಹುಪಾಲು ಶಾಖವಾಗುತ್ತದೆ, ಆದ್ದರಿಂದ ಈ ಕೆಲಸಕ್ಕೆ ಲೋಹ ಸೂಕ್ತ.

ಖಾಲಿ ಕೊಳವೆ ಹೇಗೆ ಮಡಚಿಕೊಳ್ಳುತ್ತದೆ?

ಉದ್ದಕ್ಕೆ ಒತ್ತಿದಾಗ ಮೊದಲು ಬಲ ಸರ್ರನೆ ಏರಿ ಒಂದು ಶಿಖರ ಮುಟ್ಟುತ್ತದೆ. ಅಲ್ಲಿ ಗೋಡೆ ಒಂದು ಕಡೆ ಸೋತು ಮೊದಲ ನೆರಿಗೆ ಮೂಡುತ್ತದೆ, ಬಲ ಇಳಿಯುತ್ತದೆ. ನೆರಿಗೆ ಪೂರ್ತಿ ಮುಚ್ಚಿಕೊಂಡು ಗೋಡೆಗೆ ಗೋಡೆ ತಾಗಿದಾಗ ಬಲ ಮತ್ತೆ ಏರಿ ಪಕ್ಕದಲ್ಲಿ ಇನ್ನೊಂದು ನೆರಿಗೆ ಹುಟ್ಟುತ್ತದೆ. ನಕ್ಷೆಯಲ್ಲಿ ಇದು ಒಂದು ಎತ್ತರದ ಶಿಖರ ಮತ್ತು ಅದರ ಹಿಂದೆ ಸಾಲಾಗಿ ಬರುವ ಸಣ್ಣ ಅಲೆಗಳಾಗಿ ಕಾಣುತ್ತದೆ. ಅಲೆಗಳ ಸರಾಸರಿಯೇ ಸರಾಸರಿ ಕುಸಿತ ಬಲ. ನೆರಿಗೆಗಳ ಲೆಕ್ಕ ಮತ್ತು ಅಲೆಗಳ ಲೆಕ್ಕ ತಾಳೆಯಾಗುತ್ತದೆಯೇ ಎಂದು ಪ್ರತಿ ಪರೀಕ್ಷೆಯ ನಂತರ ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ತಾಳೆಯಾಗದಿದ್ದರೆ ಎಲ್ಲೋ ಹರಿದಿದೆ ಅಥವಾ ಕೊಳವೆ ವಾಲಿದೆ.

ದುಂಡು ಕೊಳವೆಯ ಗೋಡೆ ವ್ಯಾಸಕ್ಕೆ ಹೋಲಿಸಿದರೆ ಸಾಕಷ್ಟು ದಪ್ಪಗಿದ್ದರೆ ತಿದಿಯ ಹಾಗೆ ಸುತ್ತಲೂ ಉಂಗುರದ ಮಡಿಕೆಗಳಾಗುತ್ತವೆ. ಗೋಡೆ ತೆಳುವಾದರೆ ವಜ್ರಾಕಾರದ ಮಡಿಕೆಗಳು ಬರುತ್ತವೆ. ಮೊದಲು ಉಂಗುರವಾಗಿ ಶುರುವಾಗಿ ಆಮೇಲೆ ವಜ್ರಕ್ಕೆ ತಿರುಗುವುದೂ ಉಂಟು. ಚೌಕ ಕೊಳವೆಯಲ್ಲಿ ಎದುರುಬದುರಿನ ಎರಡು ಗೋಡೆ ಒಳಕ್ಕೆ, ಉಳಿದೆರಡು ಹೊರಕ್ಕೆ ಮಡಚುತ್ತವೆ. ಮುಂದಿನ ಮಡಿಕೆಯಲ್ಲಿ ಸರದಿ ಅದಲುಬದಲಾಗುತ್ತದೆ. ಕೊಳವೆ ಉದ್ದವಾಗಿ ಸಪೂರವಾಗಿದ್ದರೆ ಇದಾವುದೂ ಆಗದೆ ಇಡೀ ಕೊಳವೆ ನಡುವಿನಲ್ಲಿ ಬಾಗಿ ಮುರಿಯುತ್ತದೆ. ಆಗ ಹೀರಿದ ಶಕ್ತಿ ತೀರಾ ಕಡಿಮೆ. ವಿನ್ಯಾಸಕಾರರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ.

ದುಂಡು ಕೊಳವೆಯ ಮಡಿಕೆಗೆ ಮೊದಲ ಸರಳ ಲೆಕ್ಕ ಕೊಟ್ಟದ್ದು ಜೆ. ಎಂ. ಅಲೆಕ್ಸಾಂಡರ್, 1960ರಲ್ಲಿ. ಚೌಕ ಕೊಳವೆಯ ಮೂಲೆ ಹೇಗೆ ಮಡಚುತ್ತದೆ ಎಂಬುದನ್ನು ವಿಯರ್ಜ್‌ಬಿಕಿ ಮತ್ತು ಅಬ್ರಮೋವಿಚ್ 1983ರಲ್ಲಿ ಬಿಡಿಸಿಟ್ಟರು. ಅವರ ವಿಶ್ಲೇಷಣೆಯಿಂದ ಬಂದ ಸೂತ್ರವನ್ನೇ ಕೆಳಗೆ ಬಳಸಿದ್ದೇನೆ.

ಫೋಮ್ ತನ್ನಷ್ಟಕ್ಕೆ ಶಕ್ತಿ ಹೀರುವುದು ಹೇಗೆ?

ಲೋಹದ ಫೋಮ್ ಅಂದರೆ ಗುಳ್ಳೆಗಳ ರಾಶಿ, ಗುಳ್ಳೆಗಳ ನಡುವೆ ತೆಳುವಾದ ಲೋಹದ ಗೋಡೆ. ಒತ್ತಿದಾಗ ಅತಿ ದುರ್ಬಲ ಗುಳ್ಳೆಗಳ ಒಂದು ಪದರ ಮೊದಲು ಕುಸಿಯುತ್ತದೆ, ಆಮೇಲೆ ಇನ್ನೊಂದು. ಹೀಗೆ ಬಹಳ ದೂರದವರೆಗೆ ಒತ್ತಡ ಹೆಚ್ಚು ಏರದೆ ಸಪಾಟಾಗಿ ಸಾಗುತ್ತದೆ. ಈ ಮಟ್ಟವನ್ನು ಪ್ರಸ್ಥಭೂಮಿ ಒತ್ತಡ ಎನ್ನೋಣ. ಗುಳ್ಳೆಗಳೆಲ್ಲ ಮುಚ್ಚಿಹೋದ ಮೇಲೆ ಒತ್ತಡ ಕಡಿದಾಗಿ ಏರುತ್ತದೆ, ಅಲ್ಲಿಗೆ ಫೋಮ್‌ನ ಉಪಯೋಗ ಮುಗಿಯಿತು.

ಸಾಂದ್ರತೆ ಏರಿದರೆ ಪ್ರಸ್ಥಭೂಮಿ ಎತ್ತರವಾಗುತ್ತದೆ, ಜೊತೆಗೇ ಗಿಡ್ಡವೂ ಆಗುತ್ತದೆ. ಗಿಬ್ಸನ್–ಆ್ಯಶ್ಬಿ ಮಾದರಿಯ ಪ್ರಕಾರ ತೆರೆದ ಗುಳ್ಳೆಯ ಫೋಮ್‌ನ ಬಲ ಸಾಪೇಕ್ಷ ಸಾಂದ್ರತೆಯ (ಫೋಮ್‌ನ ಸಾಂದ್ರತೆಯನ್ನು ಗಟ್ಟಿ ಲೋಹದ ಸಾಂದ್ರತೆಯಿಂದ ಭಾಗಿಸಿದ್ದು) 3/2 ಘಾತಕ್ಕೆ ಅನುಪಾತದಲ್ಲಿರುತ್ತದೆ. ಸಾಂದ್ರತೆ ಎರಡು ಪಟ್ಟಾದರೆ ಬಲ ಸುಮಾರು 2.8 ಪಟ್ಟು.

ಎರಡನ್ನೂ ಸೇರಿಸಿದಾಗ ಮೊತ್ತಕ್ಕಿಂತ ಹೆಚ್ಚು ಬರುತ್ತದೆ ಅನ್ನುತ್ತಾರಲ್ಲ, ಅದು ನಿಜವೇ?

ನಿಜ. ಕುಸಿದ ಕೊಳವೆಯನ್ನು ಉದ್ದಕ್ಕೆ ವೈರ್ ಕಟ್ ಮಾಡಿಸಿ ಒಳಗೆ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಒಳಕ್ಕೆ ಮಡಚಿದ ಪ್ರತಿ ನೆರಿಗೆಯ ತುದಿ ಫೋಮ್‌ಗೆ ಕಚ್ಚಿಕೊಂಡಿರುತ್ತದೆ. ಆ ತುದಿಯ ಮುಂದೆ ಫೋಮ್ ಬಿಗಿದು ಗಟ್ಟಿ ಲೋಹದಂತೆ ಹೊಳೆಯುತ್ತದೆ. ಅಲ್ಲಿಂದ ಸ್ವಲ್ಪ ಆಚೆ, ಕೊಳವೆಯ ನಡುಮಧ್ಯದ ಕಡೆಗೆ, ಗುಳ್ಳೆಗಳು ಅಷ್ಟಾಗಿ ಚಪ್ಪಟೆಯಾಗಿರುವುದಿಲ್ಲ. ಇನ್ನೂ ಕುಸಿಯದ ಭಾಗದಲ್ಲಂತೂ ಫೋಮ್‌ಗೆ ಏನೂ ಆಗಿರುವುದಿಲ್ಲ.

ಗೋಡೆ ಒಳಗೆ ಬರಲು ಹೊರಟಾಗ ಫೋಮ್ ತಡೆಯುತ್ತದೆ. ತಡೆದ ಗೋಡೆ ದೊಡ್ಡ ನೆರಿಗೆ ಹಾಕಲಾರದೆ ಚಿಕ್ಕ ನೆರಿಗೆ ಹಾಕುತ್ತದೆ. ನೆರಿಗೆ ಚಿಕ್ಕದಾದಷ್ಟೂ ಅದೇ ಉದ್ದದಲ್ಲಿ ಹೆಚ್ಚು ನೆರಿಗೆಗಳು, ಅಂದರೆ ಲೋಹ ಬಾಗಬೇಕಾದ ಗೆರೆಗಳೂ ಹೆಚ್ಚು. ಇನ್ನೊಂದು ಕಡೆ ಫೋಮ್ ಕೂಡ ಮೇಲಿಂದ ಮಾತ್ರವಲ್ಲದೆ ಬದಿಯಿಂದಲೂ ಒತ್ತಿಸಿಕೊಳ್ಳುತ್ತದೆ, ಒಂಟಿಯಾಗಿ ಒತ್ತಿಸಿಕೊಂಡಾಗಿನದಕ್ಕಿಂತ ಹೆಚ್ಚು ಶಕ್ತಿ ನುಂಗುತ್ತದೆ. ತೆಳುವಾದ ದುಂಡು ಕೊಳವೆಗೆ ಫೋಮ್ ತುಂಬಿದಾಗ ವಜ್ರದ ಮಡಿಕೆ ಉಂಗುರದ ಮಡಿಕೆಯಾಗಿ ಬದಲಾಗುವುದನ್ನು ಪ್ರಯೋಗಗಳಲ್ಲಿ ಹಲವು ಬಾರಿ ಕಂಡಿದ್ದಾರೆ. ಗೋಡೆ ಮತ್ತು ಫೋಮ್‌ನ ಈ ಜಗ್ಗಾಟದಿಂದ ಬರುವ ಹೆಚ್ಚುವರಿಗೆ ಪರಸ್ಪರ ಪರಿಣಾಮ ಎಂದು ಹೆಸರು.

ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಹಾನ್ಸನ್, ಲಾಂಗ್‌ಸೆತ್, ಹೋಪರ್‌ಸ್ಟಾಡ್ ತಂಡ ಅಲ್ಯೂಮಿನಿಯಂ ಫೋಮ್ ತುಂಬಿದ ಕೊಳವೆಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದ ಸೂತ್ರದಲ್ಲಿ ಮೂರು ಪದಗಳಿವೆ: ಖಾಲಿ ಕೊಳವೆಯ ಬಲ, ಫೋಮ್‌ನ ಬಲ, ಪರಸ್ಪರ ಪರಿಣಾಮದ ಬಲ. ಮೂರನೆಯ ಪದದಲ್ಲಿ ಫೋಮ್‌ನ ಒತ್ತಡ ಮತ್ತು ಗೋಡೆಯ ಒತ್ತಡ ಗುಣಿಸಿ ವರ್ಗಮೂಲದೊಳಗೆ ಕೂತಿವೆ. ಎರಡರಲ್ಲಿ ಒಂದು ಸೊನ್ನೆಯಾದರೂ ಆ ಪದ ಇಲ್ಲ. ಜಗ್ಗಾಟಕ್ಕೆ ಇಬ್ಬರು ಬೇಕಲ್ಲ!

ಒಂದು ಲೆಕ್ಕ ಮಾಡಿ ತೋರಿಸಿ.

ಚೌಕ ಅಲ್ಯೂಮಿನಿಯಂ ಕೊಳವೆ ತೆಗೆದುಕೊಳ್ಳೋಣ. ಅಗಲ 80 ಮಿ.ಮೀ. (ಗೋಡೆಯ ದಪ್ಪದ ನಡುವಿನಿಂದ ನಡುವಿಗೆ), ಗೋಡೆ ದಪ್ಪ 2 ಮಿ.ಮೀ., ಲೋಹದ ಹರಿವಿನ ಒತ್ತಡ (ಲೋಹ ಶಾಶ್ವತವಾಗಿ ಬಾಗುತ್ತ ಹೋಗುವಾಗಿನ ಒತ್ತಡ) 150 ಮೆಗಾಪ್ಯಾಸ್ಕಲ್.

ಖಾಲಿ ಕೊಳವೆಯ ಸರಾಸರಿ ಬಲ = 13.06 × ಹರಿವಿನ ಒತ್ತಡ × ಅಗಲದ ಘನಮೂಲ × ದಪ್ಪದ 5/3 ಘಾತ. ಬೆಲೆ ಹಾಕಿದರೆ ಸುಮಾರು 27 ಕಿಲೋನ್ಯೂಟನ್. ಇದೇ ಸಿದ್ಧಾಂತದಿಂದ ಒಂದು ನೆರಿಗೆಯ ಅರ್ಧ ಉದ್ದ ಸುಮಾರು 23 ಮಿ.ಮೀ. ಬರುತ್ತದೆ. 300 ಮಿ.ಮೀ. ಉದ್ದದ ಕೊಳವೆಯಲ್ಲಿ ಆರು ನೆರಿಗೆ ನಿರೀಕ್ಷಿಸಬಹುದು.

ಈಗ 2 ಮೆಗಾಪ್ಯಾಸ್ಕಲ್ ಪ್ರಸ್ಥಭೂಮಿಯ ಅಲ್ಯೂಮಿನಿಯಂ ಫೋಮ್ ತುಂಬೋಣ. ಸಾಂತೋಸಾ ಮತ್ತು ವಿಯರ್ಜ್‌ಬಿಕಿ ಕೊಟ್ಟ ಸರಳ ಸೂತ್ರದಲ್ಲಿ ಫೋಮ್‌ನಿಂದ ಬರುವ ಹೆಚ್ಚಳ = 1.8 × ಅಗಲದ ವರ್ಗ × ಫೋಮ್‌ನ ಒತ್ತಡ, ಅಂದರೆ 23 ಕಿಲೋನ್ಯೂಟನ್. ಒಟ್ಟು 50. ಫೋಮ್ ಒಂಟಿಯಾಗಿದ್ದರೆ ಸುಮಾರು 13 ಮಾತ್ರ ಕೊಡುತ್ತಿತ್ತು. ಉಳಿದ 10 ಕಿಲೋನ್ಯೂಟನ್ ಪರಸ್ಪರ ಪರಿಣಾಮದ ಪಾಲು.

27 ಇದ್ದದ್ದು 50 ಆಯಿತು. ಇಷ್ಟಕ್ಕೇ ನಿಲ್ಲಿಸಿ ಫೋಮ್‌ನಿಂದ ಶೇ. 85ರಷ್ಟು ಹೆಚ್ಚಳ ಎಂದು ಬರೆದ ವರದಿಗಳು ಬೇಕಾದಷ್ಟಿವೆ.

ಇಷ್ಟು ಹೆಚ್ಚಿದ ಮೇಲೆ ತಕರಾರೇನು?

ತೂಕ. ಅದೇ ಕೊಳವೆ ಮೀಟರಿಗೆ 1.73 ಕಿಲೋಗ್ರಾಂ ತೂಗುತ್ತದೆ. ಘನ ಸೆಂಟಿಮೀಟರಿಗೆ 0.25 ಗ್ರಾಂ ಸಾಂದ್ರತೆಯ ಫೋಮ್ ಮೀಟರಿಗೆ 1.52 ಕಿಲೋಗ್ರಾಂ. ಒಟ್ಟು 3.25. ಪ್ರತಿ ಕಿಲೋಗ್ರಾಂಗೆ ಎಷ್ಟು ಶಕ್ತಿ ಎಂದು ನೋಡಿದರೆ ಖಾಲಿ ಕೊಳವೆಗೂ ತುಂಬಿದ ಕೊಳವೆಗೂ ವ್ಯತ್ಯಾಸವೇ ಇಲ್ಲ. ಬಲ ಹೆಚ್ಚಿದಷ್ಟೇ ಭಾರವೂ ಹೆಚ್ಚಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ 1.52 ಕಿಲೋಗ್ರಾಂ ಅಲ್ಯೂಮಿನಿಯಮ್ಮನ್ನು ಗೋಡೆಗೇ ಕೊಡೋಣ. ಗೋಡೆ 3.76 ಮಿ.ಮೀ. ದಪ್ಪವಾಗುತ್ತದೆ. ದಪ್ಪದ 5/3 ಘಾತದಲ್ಲಿ ಬಲ ಏರುವುದರಿಂದ ಸರಾಸರಿ ಸುಮಾರು 77 ಕಿಲೋನ್ಯೂಟನ್. ಫೋಮ್ ತುಂಬಿದ್ದು 50, ಗೋಡೆ ದಪ್ಪ ಮಾಡಿದ್ದು 77, ತೂಕ ಎರಡಕ್ಕೂ ಒಂದೇ! ಮೇಲಾಗಿ ಖಾಲಿ ಕೊಳವೆ ತನ್ನ ಉದ್ದದ ಮುಕ್ಕಾಲು ಪಾಲಿನ ಹತ್ತಿರದವರೆಗೆ ಕುಸಿಯಬಲ್ಲದು. ಫೋಮ್ ತುಂಬಿದ್ದು ಅದಕ್ಕೂ ಮೊದಲೇ ಬಿಗಿದುಕೊಳ್ಳುತ್ತದೆ.

ನೆಟ್ಟಗೆ ಒತ್ತುವ, ಮಧ್ಯಮ ದಪ್ಪದ ಗೋಡೆಯ ಅಲ್ಯೂಮಿನಿಯಂ ಕೊಳವೆಗೆ ಫೋಮ್ ತುಂಬುವುದು ತೂಕದ ದೃಷ್ಟಿಯಿಂದ ನಷ್ಟದ ವ್ಯವಹಾರ. ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಹಾಗಾದರೆ ಫೋಮ್‌ನಿಂದ ಲಾಭ ಎಲ್ಲಿ?

ಮೊದಲನೆಯದಾಗಿ, ತೀರಾ ತೆಳುವಾದ ಗೋಡೆಯಲ್ಲಿ, ಅದರಲ್ಲೂ ಉಕ್ಕಿನ ಗೋಡೆಯಲ್ಲಿ. ಅದೇ 80 ಮಿ.ಮೀ. ಅಗಲ, 1 ಮಿ.ಮೀ. ದಪ್ಪ, 300 ಮೆಗಾಪ್ಯಾಸ್ಕಲ್ ಉಕ್ಕಿಗೆ ಅದೇ ಫೋಮ್ ತುಂಬಿದರೆ ಸರಾಸರಿ ಬಲ 17ರಿಂದ 40 ಕಿಲೋನ್ಯೂಟನ್‌ಗೆ ಹೋಗುತ್ತದೆ. ಅದೇ ತೂಕದ ಖಾಲಿ ಉಕ್ಕಿನ ಕೊಳವೆ 38 ಕೊಡುತ್ತದೆ. ಇಲ್ಲಿ ಎರಡೂ ಸರಿಸಮ, ಫೋಮ್ ಒಂದು ಕೂದಲೆಳೆ ಮುಂದೆ. ಜೊತೆಗೆ, ಅಷ್ಟು ತೆಳು ಗೋಡೆಯ ಖಾಲಿ ಚೌಕ ಕೊಳವೆಯಲ್ಲಿ ನೆರಿಗೆಗಳು ಒಂದಕ್ಕೊಂದು ಅಂಟಿ ಬರದೆ ನಡುನಡುವೆ ಬಾಗದ ಚಪ್ಪಟೆ ತುಂಡುಗಳು ಉಳಿದು ಕೊಳವೆ ವಾಲಿಬಿಡುವ ಅಪಾಯವಿದೆ. ಒಳಗಿನ ಹಗುರ ಫೋಮ್ ಅದನ್ನು ತಡೆದು ಮಡಿಕೆಯನ್ನು ಕ್ರಮಕ್ಕೆ ತರುತ್ತದೆ.

ಎರಡನೆಯದು ಶಿಖರ ಬಲ. ಗೋಡೆಯನ್ನು 3.76 ಮಿ.ಮೀ. ಮಾಡಿದಾಗ ಮೊದಲ ಶಿಖರ ಒಟ್ಟು ಅಡ್ಡಕೊಯ್ತಕ್ಕೆ ಅನುಗುಣವಾಗಿ 180 ಕಿಲೋನ್ಯೂಟನ್ ಆಸುಪಾಸಿಗೆ ಏರುತ್ತದೆ. ಫೋಮ್ ತುಂಬಿದ 2 ಮಿ.ಮೀ. ಗೋಡೆಯದು 110ರ ಹತ್ತಿರ. ಹಿಂದಿನ ಸೈಡ್ ಮೆಂಬರ್ 120ಕ್ಕೆ ಸೋಲುವಂಥದ್ದಾದರೆ ದಪ್ಪ ಗೋಡೆಯ ಕ್ರ್ಯಾಶ್ ಬಾಕ್ಸ್ ತಾನು ಕುಸಿಯುವ ಮೊದಲು ಹಿಂದಿನದನ್ನು ಬಾಗಿಸುತ್ತದೆ. ಟ್ರಿಗರ್ (ಬೇಕೆಂದೇ ಇಟ್ಟ ದೌರ್ಬಲ್ಯ, ಕೆಳಗೆ ವಿವರಿಸಿದ್ದೇನೆ) ಹಾಕಿ ಶಿಖರ ಇಳಿಸಬಹುದು ಎಂಬುದು ಸರಿ, ಆದರೆ ಎಷ್ಟು ಇಳಿಸಬಹುದು ಎಂಬುದಕ್ಕೆ ಮಿತಿಯಿದೆ.

ಮೂರನೆಯದು ಬಾಗುವಿಕೆ. ನನ್ನ ಪ್ರಕಾರ ಫೋಮ್‌ನ ನಿಜವಾದ ಮನೆ ಇದೇ. ಖಾಲಿ ಕೊಳವೆಯನ್ನು ಅಡ್ಡಕ್ಕೆ ಬಾಗಿಸಿದಾಗ ಒತ್ತಿಸಿಕೊಳ್ಳುವ ಬದಿಯ ಗೋಡೆ ಒಂದೇ ಜಾಗದಲ್ಲಿ ಒಳಕ್ಕೆ ಕುಸಿಯುತ್ತದೆ. ಅಡ್ಡಕೊಯ್ತ ಚಪ್ಪಟೆಯಾಗುತ್ತದೆ, ಆ ಕ್ಷಣದಿಂದ ಬಾಗುವ ಪ್ರತಿರೋಧ ಬಿದ್ದುಹೋಗುತ್ತದೆ. ಒಳಗೆ ಫೋಮ್ ಇದ್ದರೆ ಆ ಗೋಡೆಗೆ ಒಳಕ್ಕೆ ಹೋಗಲು ಜಾಗವಿಲ್ಲ. ಒಂದು ಆಳವಾದ ಮಡಿಕೆಯ ಬದಲು ಅಕ್ಕಪಕ್ಕ ಹಲವು ಸಣ್ಣ ಮಡಿಕೆಗಳು ಬರುತ್ತವೆ, ಪ್ರತಿರೋಧ ಬಹಳ ಹೊತ್ತು ನಿಲ್ಲುತ್ತದೆ. ಫೋಮ್ ಇಡೀ ಉದ್ದಕ್ಕೂ ಬೇಕಾಗಿಲ್ಲ, ಬಾಗುವ ಜಾಗದ ಸುತ್ತ ಒಂದು ತುಂಡು ಸಾಕು. ತೂಕದ ಲೆಕ್ಕ ಇಲ್ಲಿ ಪೂರ್ತಿ ತಿರುಗಿಬೀಳುತ್ತದೆ. ಬಾಗಿಲ ಕೆಳಗಿನ ಸಿಲ್, ಬಿ-ಪಿಲ್ಲರ್ (ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬ), ಬಾಗಿಲೊಳಗಿನ ಬೀಮ್ ಎಲ್ಲವೂ ಬದಿಯ ಡಿಕ್ಕಿಯಲ್ಲಿ ಬಾಗುವ ಭಾಗಗಳು.

ಓರೆಯಾಗಿ ಬರುವ ಡಿಕ್ಕಿಯೂ ಇದೇ ಜಾತಿಗೆ ಸೇರಿದ್ದು. ವಾಹನಗಳು ನೇರಾನೇರ ಗುದ್ದುವುದು ಅಪರೂಪ. ಕೋನ ಒಂದು ಮಿತಿ ದಾಟಿದರೆ ಕೊಳವೆ ನೆರಿಗೆ ಹಾಕುವುದನ್ನು ಬಿಟ್ಟು ಬುಡದಲ್ಲಿ ಬಾಗಿಬಿಡುತ್ತದೆ. ನೇರ ಒತ್ತಿನ ಫಲಿತಾಂಶ ಮಾತ್ರ ತೋರಿಸಿ ವಿನ್ಯಾಸ ಮುಗಿಯಿತು ಎನ್ನುವುದು ಸರಿಯಲ್ಲ. ಕೆಲವು ಕೋನಗಳಲ್ಲಾದರೂ ಪರೀಕ್ಷಿಸಿ.

ಯಾವ ಫೋಮ್ ಆರಿಸಬೇಕು?

ಪಾಲಿಯುರೆಥೇನ್ ಅಗ್ಗ, ಎರಡು ದ್ರವ ಬೆರೆಸಿ ಕೊಳವೆಯೊಳಗೇ ಉಬ್ಬಿಸಬಹುದು. ಆದರೆ ಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗುತ್ತದೆ, ಬೆಂಕಿಗೆ ಹೆದರುತ್ತದೆ. 1980ರ ದಶಕದ ಬಹಳಷ್ಟು ಪ್ರಯೋಗಗಳು ಇದರ ಮೇಲೇ ನಡೆದವು.

ಅಲ್ಯೂಮಿನಿಯಂ ಫೋಮ್ ಮಾಡುವ ದಾರಿಗಳು ಹಲವು. ಪ್ರಸಿದ್ಧವಾದ ಒಂದರಲ್ಲಿ ಕರಗಿದ ಲೋಹಕ್ಕೆ ಸುಮಾರು ಶೇ. 1.5 ಕ್ಯಾಲ್ಸಿಯಂ ಹಾಕಿ ಮಂದಗೊಳಿಸಿ, ಆಮೇಲೆ ಶೇ. 1.6ರಷ್ಟು ಟೈಟಾನಿಯಂ ಹೈಡ್ರೈಡ್ ಪುಡಿ ಕಲಕುತ್ತಾರೆ. ಪುಡಿ ಒಡೆದು ಹೈಡ್ರೋಜನ್ ಬಿಡುತ್ತದೆ, ಲೋಹ ಉಬ್ಬುತ್ತದೆ. ಆರುವ ಮೊದಲು ಕರಗಿದ ಲೋಹ ಕೆಳಕ್ಕೆ ಜಿನುಗುವುದರಿಂದ ಒಂದೇ ದಿಮ್ಮಿಯ ಬುಡ ಮತ್ತು ತಲೆಯ ಸಾಂದ್ರತೆ ಬೇರೆಬೇರೆ ಇರಬಹುದು. ಹಾಗಾಗಿ ಪೂರೈಕೆದಾರರು ಕೊಟ್ಟ ಸರಾಸರಿ ಸಾಂದ್ರತೆಯನ್ನು ನಂಬಿ ಕೂರಬೇಡಿ. ಕತ್ತರಿಸಿದ ಪ್ರತಿ ತುಂಡನ್ನೂ ತೂಗಿ, ಅಳೆದು, ಅದರ ಮೇಲೇ ಬರೆದಿಡಿ. ಫಲಿತಾಂಶಗಳು ಚದುರಿದಾಗ ಆ ಬರಹವೇ ಕೈಹಿಡಿಯುವುದು.

ಗುಳ್ಳೆಯ ಗಾತ್ರವನ್ನೂ ನೋಡಿ. ಕೊಳವೆಯ ಒಳ ಅಗಲದಲ್ಲಿ ಕನಿಷ್ಠ ಆರೇಳು ಗುಳ್ಳೆಗಳಾದರೂ ಬರಬೇಕು. 4 ಮಿ.ಮೀ. ಗುಳ್ಳೆಯ ಫೋಮನ್ನು 20 ಮಿ.ಮೀ. ಕೊಳವೆಗೆ ತುಂಬಿದರೆ ಅಳೆಯುತ್ತಿರುವುದು ಫೋಮ್‌ನ ಗುಣವನ್ನಲ್ಲ, ಬೆರಳೆಣಿಕೆಯ ಗುಳ್ಳೆಗಳ ಅದೃಷ್ಟವನ್ನು.

ಸಾಂದ್ರತೆ ಹೆಚ್ಚಾದಷ್ಟೂ ಒಳ್ಳೆಯದೇ?

ಇಲ್ಲ. ಹೆಚ್ಚಾದಂತೆ ಮೂರು ತೊಂದರೆ ಒಟ್ಟಿಗೆ ಬರುತ್ತವೆ. ಕುಸಿಯುವ ದೂರ ಕಡಿಮೆಯಾಗುತ್ತದೆ. ಗೋಡೆ ಒಳಕ್ಕೆ ಹೋಗಲಾರದೆ ಹೊರಕ್ಕೇ ಎಳೆದುಕೊಂಡು ಮೂಲೆಯಲ್ಲೋ ಬೆಸುಗೆಯಲ್ಲೋ ಹರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕುಸಿತದ ಬಲ ಇಡೀ ಕೊಳವೆ ಬಾಗುವ ಬಲವನ್ನು ಮೀರಿದ ಕೂಡಲೇ ನೆರಿಗೆ ನಿಂತು ಕೊಳವೆ ಬಾಗುತ್ತದೆ. ಉದ್ದದ ಕೊಳವೆಯಲ್ಲಿ ಈ ಮಿತಿ ಬೇಗ ಬರುತ್ತದೆ.

ಫೋಮನ್ನು ಗೋಡೆಗೆ ಅಂಟಿಸಬೇಕೇ?

ಅಂಟಿಸಿದರೆ ಸರಾಸರಿ ಬಲ ಏರುತ್ತದೆ, ಬಾಗುವಿಕೆಯಲ್ಲಂತೂ ಎದ್ದು ಕಾಣುವಷ್ಟು. ಹೊರಕ್ಕೆ ಹೋಗುವ ಗೋಡೆಯೂ ಫೋಮನ್ನು ಎಳೆಯಬೇಕಾಗುವುದರಿಂದ ಹೀಗಾಗುತ್ತದೆ. ಜೊತೆಗೆ ಹರಿಯುವ ಅಪಾಯವೂ ಏರುತ್ತದೆ. ಹಿಗ್ಗುವ ಗುಣ ಕಡಿಮೆಯಿರುವ ಗಟ್ಟಿ ಮಿಶ್ರಲೋಹವಾದರೆ ಅಂಟು ಬೇಡ. ಅಂಟಿಸದಿದ್ದರೆ ಫೋಮ್ ಮತ್ತು ಗೋಡೆಯ ನಡುವಿನ ಸಂದು ಎಷ್ಟು ಎಂಬುದನ್ನು ವರದಿಯಲ್ಲಿ ಬರೆಯಿರಿ. ಅರ್ಧ ಮಿಲಿಮೀಟರ್ ಸಂದೂ ಮೊದಲ ನೆರಿಗೆಯ ಆಕಾರವನ್ನು ಬದಲಿಸಬಲ್ಲದು.

ಟ್ರಿಗರ್ ಅಂದರೇನು?

ಮೊದಲ ನೆರಿಗೆ ಎಲ್ಲಿ ಮೂಡಬೇಕೋ ಅಲ್ಲಿ ಬೇಕೆಂದೇ ಇಟ್ಟ ದೌರ್ಬಲ್ಯ: ಒತ್ತಿ ಮಾಡಿದ ತಗ್ಗು, ಮೂಲೆಯಲ್ಲಿ ಒಂದು ರಂಧ್ರ, ತುದಿಯ ಓರೆ ಕೊಯ್ತ. ಇದು ಶಿಖರವನ್ನು ಇಳಿಸುತ್ತದೆ, ಕುಸಿತ ಒಂದು ತುದಿಯಿಂದ ಕ್ರಮವಾಗಿ ಸಾಗುವಂತೆ ಮಾಡುತ್ತದೆ. ಫೋಮ್ ತುಂಬಿದ ಕೊಳವೆಯಲ್ಲೂ ಟ್ರಿಗರ್ ಬೇಕು. ಟ್ರಿಗರ್ ಇರುವಲ್ಲಿ ಫೋಮನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಖಾಲಿ ಬಿಡುವುದು ಒಳ್ಳೆಯ ಉಪಾಯ.

ನಿಧಾನದ ಪರೀಕ್ಷೆಯ ಫಲಿತಾಂಶವನ್ನು ಡಿಕ್ಕಿಗೆ ಅನ್ವಯಿಸಬಹುದೇ?

ಲೋಹದ ಮೇಲೆ ಹೋಗುತ್ತದೆ. ಮೃದು ಉಕ್ಕು ವೇಗವಾಗಿ ಬಾಗಿಸಿದಷ್ಟೂ ಗಟ್ಟಿಯಾಗಿ ವರ್ತಿಸುತ್ತದೆ. ಈ ಏರಿಕೆಯನ್ನು ಲೆಕ್ಕ ಹಾಕುವ ಕೌಪರ್–ಸೈಮಂಡ್ಸ್ ಸೂತ್ರದಲ್ಲಿ ಮೃದು ಉಕ್ಕಿಗೆ ಬಳಸುವ ಸ್ಥಿರಾಂಕಗಳು ಸೆಕೆಂಡಿಗೆ 40.4 ಮತ್ತು 5. ಅಂದರೆ ವಿಕೃತಿಯ ದರ (ಲೋಹ ಎಷ್ಟು ಬೇಗ ಆಕಾರ ಬದಲಿಸುತ್ತದೆ ಎಂಬ ಅಳತೆ) ಸೆಕೆಂಡಿಗೆ 40 ತಲುಪಿದಾಗ ಇಳುವರಿ ಒತ್ತಡ (ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ) ಎರಡು ಪಟ್ಟು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಕುಸಿಯುವ 80 ಮಿ.ಮೀ. ಚೌಕ ಕೊಳವೆಯಲ್ಲಿ ದರ ಇದರ ಆಸುಪಾಸಿಗೇ ಬರುತ್ತದೆ. ವಿಕೃತಿ ದೊಡ್ಡದಾದಂತೆ ಈ ಹೆಚ್ಚಳ ತಗ್ಗುವುದರಿಂದ ಕೊಳವೆಯ ಸರಾಸರಿ ಬಲ ಪೂರಾ ಎರಡು ಪಟ್ಟಾಗುವುದಿಲ್ಲ, ಆದರೂ ಕಡೆಗಣಿಸುವಷ್ಟು ಸಣ್ಣದಲ್ಲ. ವಾಹನಗಳಲ್ಲಿ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಈ ಗುಣ ಬಹಳ ಕಡಿಮೆ.

ಮೇಲೆ ಮಾಡಿದ ಉಕ್ಕಿನ ಹೋಲಿಕೆಗೆ ಇದರಿಂದ ಒಂದು ತಿದ್ದುಪಡಿ ಬೀಳುತ್ತದೆ. ಡಿಕ್ಕಿಯ ವೇಗದಲ್ಲಿ ಉಕ್ಕಿನ ಗೋಡೆಯ ಬಲ ಏರುತ್ತದೆ, ಅಲ್ಯೂಮಿನಿಯಂ ಫೋಮ್‌ನದು ಅಷ್ಟಾಗಿ ಏರುವುದಿಲ್ಲ. ನಿಧಾನದ ಪರೀಕ್ಷೆಯಲ್ಲಿ ಸರಿಸಮವಾಗಿದ್ದದ್ದು ಡಿಕ್ಕಿಯಲ್ಲಿ ಖಾಲಿ ದಪ್ಪ ಗೋಡೆಯ ಕಡೆಗೆ ವಾಲುತ್ತದೆ. ಉಕ್ಕಿನ ಕೊಳವೆಯನ್ನು ಯುಟಿಎಂನಲ್ಲಿ (ನಿಧಾನವಾಗಿ ಒತ್ತುವ ಪರೀಕ್ಷಾ ಯಂತ್ರ) ಮಾತ್ರ ಒತ್ತಿ ಫೋಮ್ ಗೆದ್ದಿತು ಎನ್ನುವ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಪರೀಕ್ಷೆಯಲ್ಲಿ ಏನೇನು ಗಮನಿಸಬೇಕು?

ಫೋಮನ್ನು ಪ್ರತ್ಯೇಕವಾಗಿ, ಖಾಲಿ ಕೊಳವೆಯನ್ನು ಪ್ರತ್ಯೇಕವಾಗಿ, ತುಂಬಿದ್ದನ್ನು ಪ್ರತ್ಯೇಕವಾಗಿ ಒತ್ತಬೇಕು. ಮೂರೂ ಇಲ್ಲದೆ ಪರಸ್ಪರ ಪರಿಣಾಮವನ್ನು ಬೇರ್ಪಡಿಸಲಾಗದು. ನಾಲ್ಕನೆಯದಾಗಿ ಸಮತೂಕದ ದಪ್ಪ ಗೋಡೆಯ ಖಾಲಿ ಕೊಳವೆಯೂ ಇರಲಿ ಎಂಬುದು ನನ್ನ ಹಟ. ಸರಿಯಾಗಿ ಅದೇ ದಪ್ಪ ಸಿಗದಿದ್ದರೆ ಹತ್ತಿರದ ದಪ್ಪ ತೆಗೆದುಕೊಂಡು ಲೆಕ್ಕದಿಂದ ಸರಿಹೊಂದಿಸಿ.

ಫೋಮ್ ಪರೀಕ್ಷೆಗೆ ಐಎಸ್‌ಒ 13314 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಡ್ರಾಪ್ ಟವರ್‌ನಲ್ಲಿ ತೂಕ ಬೀಳಿಸುವಾಗ ಬಲ ಅಳೆಯುವ ಲೋಡ್ ಸೆಲ್ ಗಂಟೆ ಹೊಡೆದಂತೆ ಕಂಪಿಸಿ ನಕ್ಷೆಯಲ್ಲಿ ಸುಳ್ಳು ಶಿಖರ ಮೂಡಿಸುತ್ತದೆ. ಯಾವ ಫಿಲ್ಟರ್ ಹಾಕಿದಿರಿ ಎಂದು ಹೇಳದೆ ಶಿಖರ ಬಲದ ಅಂಕಿ ಕೊಡಬಾರದು. ಸರಾಸರಿ ಬಲವನ್ನು ಎಷ್ಟು ದೂರದವರೆಗೆ ಲೆಕ್ಕ ಹಾಕಿದಿರಿ ಎಂಬುದೂ ಅಷ್ಟೇ ಮುಖ್ಯ. ಬಿಗಿದುಕೊಂಡ ಮೇಲಿನ ಕಡಿದಾದ ಏರನ್ನು ಸೇರಿಸಿಕೊಂಡರೆ ಸರಾಸರಿ ಸುಂದರವಾಗಿ ಕಾಣುತ್ತದೆ, ಆದರೆ ಆ ಬಲವನ್ನು ವಾಹನದ ಉಳಿದ ಭಾಗ ತಡೆಯಲಾರದು.

ಸಿಮ್ಯುಲೇಷನ್‌ನಲ್ಲಿ ಎಲ್ಲಿ ಎಡವುತ್ತಾರೆ?

ಮೆಶ್‌ನಲ್ಲಿ, ಅಂದರೆ ಕೊಳವೆಯನ್ನು ಲೆಕ್ಕಕ್ಕಾಗಿ ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆಯುವುದರಲ್ಲಿ. ನೆರಿಗೆಯ ಅರ್ಧ ಉದ್ದ 23 ಮಿ.ಮೀ. ಇರುವಲ್ಲಿ 10 ಮಿ.ಮೀ. ಎಲಿಮೆಂಟ್ ಇಟ್ಟರೆ ಮಡಿಕೆಗೆ ಬಾಗಲು ಜಾಗವೇ ಇರುವುದಿಲ್ಲ. 2ರಿಂದ 3 ಮಿ.ಮೀ. ಇರಲಿ. ಫೋಮ್ ತುಂಬಿದಾಗ ನೆರಿಗೆ ಇನ್ನೂ ಚಿಕ್ಕದಾಗುತ್ತದೆ ಎಂಬುದನ್ನು ಮರೆಯಬೇಡಿ.

ಫೋಮ್ ಎಲಿಮೆಂಟ್‌ಗಳು ತೀರಾ ಒತ್ತಿಸಿಕೊಂಡು ಒಳಗು ಹೊರಗಾಗಿ ಗಾತ್ರ ಋಣಾತ್ಮಕವೆಂದು ಲೆಕ್ಕ ನಿಲ್ಲುವುದು ಎಲ್ಲರಿಗೂ ಆಗುವ ಕಾಟ. ಒತ್ತಡ–ವಿಕೃತಿ ನಕ್ಷೆಯ ಕೊನೆಯನ್ನು ಅಳತೆ ಮುಗಿದಲ್ಲಿಗೆ ಕತ್ತರಿಸದೆ ಕಡಿದಾಗಿ ಮುಂದುವರಿಸಿ, ಎಲಿಮೆಂಟ್‌ನೊಳಗಿನ ಕಾಂಟ್ಯಾಕ್ಟ್ ಹಾಕಿ. ಎಲಿಮೆಂಟ್ ಅಳಿಸಿ ಪಾರಾಗುವುದು ಸುಲಭ, ಆದರೆ ಅಳಿಸಿದಷ್ಟೂ ಫೋಮ್ ಮಾಯವಾಗುತ್ತದೆ, ಅದರೊಂದಿಗೆ ನೀವು ಅಳೆಯಬೇಕಿದ್ದ ಪರಸ್ಪರ ಪರಿಣಾಮವೂ. ಅಲ್ಯೂಮಿನಿಯಂ ಫೋಮ್‌ಗೆ 2000ದಲ್ಲಿ ಬಂದ ದೇಶಪಾಂಡೆ–ಫ್ಲೆಕ್ ಮಾದರಿ ಬಹುಮುಖ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಎಲ್‌ಎಸ್-ಡೈನಾ ಎಂಬ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಸಿದ್ಧವಾಗಿಯೇ ಇದೆ. ಅವರ್‌ಗ್ಲಾಸ್ ಶಕ್ತಿ (ಎಲಿಮೆಂಟ್‌ಗಳ ಸುಳ್ಳು ವಿಕೃತಿಯನ್ನು ತಡೆಯಲು ಲೆಕ್ಕದಲ್ಲಿ ಖರ್ಚಾಗುವ ಶಕ್ತಿ) ಆಂತರಿಕ ಶಕ್ತಿಯ ಸಣ್ಣ ಪಾಲಾಗಿಯೇ ಉಳಿದಿದೆಯೇ ಎಂದು ಪ್ರತಿ ಬಾರಿ ನೋಡಿ.

ಇಷ್ಟೆಲ್ಲ ಸಂಶೋಧನೆಯಾಗಿದ್ದರೂ ಮಾಮೂಲಿ ಕಾರುಗಳಲ್ಲಿ ಅಲ್ಯೂಮಿನಿಯಂ ಫೋಮ್ ಏಕೆ ಅಪರೂಪ?

ದೊಡ್ಡ ಎದುರಾಳಿ ಬಹುಕೋಶದ ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್, ಅಂದರೆ ಲೋಹವನ್ನು ಅಚ್ಚಿನ ಮೂಲಕ ಒತ್ತಿ ತೆಗೆದ, ಒಳಗೆ ಹಲವು ಕೋಣೆಗಳಿರುವ ಕೊಳವೆ. ಚೌಕ ಕೊಳವೆಯೊಳಗೆ ಅಡ್ಡಗೋಡೆಗಳನ್ನು ಅಚ್ಚಿನಿಂದ ತೆಗೆಯುವಾಗಲೇ ಮೂಡಿಸಿದರೆ ಮೂಲೆಗಳ ಸಂಖ್ಯೆ ಹೆಚ್ಚುತ್ತದೆ, ಶಕ್ತಿ ಹೀರುವುದು ಮುಖ್ಯವಾಗಿ ಮೂಲೆಗಳೇ. ಹೆಚ್ಚುವರಿ ಜೋಡಣೆ ಇಲ್ಲ, ಗುಣಮಟ್ಟ ತುಂಡಿನಿಂದ ತುಂಡಿಗೆ ಬದಲಾಗುವುದಿಲ್ಲ. ಫೋಮ್ ಈ ಸ್ಥಿರತೆಯಲ್ಲಿ ಸೋಲುತ್ತದೆ, ಬೆಲೆಯಲ್ಲೂ. ಇನ್ನು ಕಾರ್ಖಾನೆಯ ತೊಡಕು: ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಎತ್ತುವಾಗ ದ್ರವ ಕೊಳವೆಗಳ ಒಳಗೆಲ್ಲ ಹೋಗಿ ಬಸಿದು ಬರಬೇಕು. ಒಳಗೆ ಫೋಮ್ ಕೂತಿದ್ದರೆ ಗೋಡೆಗೆ ಬಣ್ಣ ಹತ್ತದೆ ತುಕ್ಕಿಗೆ ದಾರಿಯಾಗುತ್ತದೆ. ಉಕ್ಕಿನ ಗೋಡೆಗೆ ಅಲ್ಯೂಮಿನಿಯಂ ಫೋಮ್ ತಾಗಿ ಅಲ್ಲಿ ತೇವ ನಿಂತರಂತೂ ಎರಡು ಬೇರೆ ಲೋಹಗಳ ನಡುವಿನ ಸವೆತ ಶುರುವಾಗುತ್ತದೆ.

ಹಾಗೆಂದು ಫೋಮ್ ಕಾರಿನಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಪಿಲ್ಲರ್ ಮತ್ತು ಸಿಲ್‌ಗಳೊಳಗೆ ಎಪಾಕ್ಸಿ ಆಧಾರಿತ ಸಣ್ಣ ತುಂಡುಗಳನ್ನು ಇಟ್ಟು, ಬಣ್ಣ ಒಣಗಿಸುವ ಒಲೆಯ ಬಿಸಿಯಲ್ಲಿ ಅವು ಉಬ್ಬಿ ಗೋಡೆಗೆ ಅಂಟಿಕೊಳ್ಳುವಂತೆ ಮಾಡುತ್ತಾರೆ. ಉಬ್ಬುವ ಮೊದಲೇ ಬಣ್ಣದ ದ್ರವ ಹರಿದುಹೋಗಿರುತ್ತದೆ. ಬೇಕಾದ ಜಾಗದಲ್ಲಿ ಮಾತ್ರ, ಬಾಗುವುದನ್ನು ತಡೆಯಲಿಕ್ಕೆ: ಫೋಮನ್ನು ಅದರ ಬಲಕ್ಕೆ ತಕ್ಕಂತೆ ಬಳಸಿದ ರೀತಿ ಇದು.

ಡಿಕ್ಕಿಯಾದ ಮೇಲೆ ಕೊಳವೆಯನ್ನು ಎಳೆದು ನೆಟ್ಟಗೆ ಮಾಡಿ ಮತ್ತೆ ಬಳಸಬಹುದೇ?

ಬಳಸಬಾರದು. ಒಮ್ಮೆ ಮಡಚಿದ ಲೋಹ ಅಲ್ಲಿ ಗಡುಸಾಗಿರುತ್ತದೆ, ಹಿಗ್ಗುವ ಗುಣ ಕಳೆದುಕೊಂಡಿರುತ್ತದೆ. ಮುಂದಿನ ಪೆಟ್ಟಿಗೆ ಮಡಚುವ ಬದಲು ಸೀಳಬಹುದು. ಕುಸಿದ ಗುಳ್ಳೆಗಳಂತೂ ಮರಳಿ ತೆರೆಯುವುದಿಲ್ಲ. ಹೊರಗಿನಿಂದ ಗೋಡೆ ನೆಟ್ಟಗೆ ಕಂಡರೂ ಒಳಗಿನ ಫೋಮ್ ಬಿಗಿದೇ ಇರುತ್ತದೆ, ಗೋಡೆಗೂ ಅದಕ್ಕೂ ನಡುವೆ ಸಂದು ಉಳಿದಿರುತ್ತದೆ. ಕ್ರ್ಯಾಶ್ ಬಾಕ್ಸ್‌ಗಳನ್ನು ಬಹಳಷ್ಟು ಕಾರುಗಳಲ್ಲಿ ಬೋಲ್ಟ್ ಹಾಕಿ ಕೂರಿಸಿರುವುದು ಬಿಚ್ಚಿ ಹೊಸದು ಹಾಕಲಿ ಎಂದೇ. ಸೈಡ್ ಮೆಂಬರ್‌ನವರೆಗೆ ಮಡಿಕೆ ಹೋಗಿದ್ದರೆ ವಾಹನ ತಯಾರಕರು ತಮ್ಮ ದುರಸ್ತಿ ಕೈಪಿಡಿಯಲ್ಲಿ ಗುರುತಿಸಿದ ಜಾಗದಲ್ಲಿ ಮಾತ್ರ ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಬೆಸುಗೆ ಬೇರೆ ಕಡೆ ಬಿದ್ದರೆ ಮೊದಲ ನೆರಿಗೆ ಮೂಡುವ ಜಾಗವೇ ಬದಲಾಗುತ್ತದೆ.